ಕೈತೋಟದ ಬೀಜ: ಪೊಟ್ಟಣದ ಚಿತ್ರ ಬಿಡಿ, ತಿಂಗಳು ನೋಡಿ

ಮುಂಗಾರು ಹಿಡಿಯುವ ಹೊತ್ತಿಗೆ ಮೈಸೂರಿನ ಬೀಜದ ಅಂಗಡಿಗಳಲ್ಲಿ ಬಣ್ಣಬಣ್ಣದ ಪೊಟ್ಟಣಗಳು ನೇತಾಡತೊಡಗುತ್ತವೆ. ಬ್ರೊಕೋಲಿ, ಚೆರ್ರಿ ಟೊಮೆಟೊ, ಪಾರ್ಸ್ಲಿ, ನೇರಳೆ ಕ್ಯಾರೆಟ್. ಅಗ್ಗವಾಗಿದೆಯಲ್ಲ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತಂದು, ಎಲ್ಲವನ್ನೂ ಒಂದೇ ಭಾನುವಾರ ಬಿತ್ತಿ, ಕೊನೆಗೆ ‘ಬೀಜವೇ ಸರಿಯಿರಲಿಲ್ಲ’ ಎಂದು ಕೈಚೆಲ್ಲುವವರು ಬಹಳ. ಎಷ್ಟೋ ಸಲ ಬೀಜದ್ದೇನೂ ತಪ್ಪಿರುವುದಿಲ್ಲ. ತಳಿ ಈ ಊರಿನದಲ್ಲ, ಇಲ್ಲವೇ ಈ ತಿಂಗಳಿನದಲ್ಲ.

ಮೊದಲು ಬಿಸಿಲು, ಆಮೇಲೆ ಅಡುಗೆಮನೆ

ಅಂಗಡಿಗೆ ಹೋಗುವ ಮುಂಚೆ ಒಂದು ರಜಾದಿನ ಮನೆಯಲ್ಲಿದ್ದು, ತಾರಸಿಗೋ ಹಿತ್ತಲಿಗೋ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ ನೋಡಿ. ಆರು ಗಂಟೆ ಬಿದ್ದರೆ ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆ ಏನು ಬೇಕಾದರೂ ಹಾಕಬಹುದು. ಪಕ್ಕದ ಮನೆಯವರು ಮೂರನೇ ಅಂತಸ್ತು ಎಬ್ಬಿಸಿ ಬಿಸಿಲು ಮೂರ್ನಾಲ್ಕು ಗಂಟೆಗೆ ಇಳಿದಿದ್ದರೆ ಸೊಪ್ಪಿಗಷ್ಟೇ ಆಸೆಪಡಿ.

ಆಮೇಲೆ ವಾರದಲ್ಲಿ ಏನೇನು ಬೇಯಿಸುತ್ತೀರಿ ಎಂದು ನೆನಪಿಸಿಕೊಳ್ಳಿ. ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಮಾಡುವ ಮನೆಗೆ ದಂಟು, ಮೆಂತ್ಯ, ಸಬ್ಬಸಿಗೆ, ಹುರುಳಿಕಾಯಿ ಎಷ್ಟಿದ್ದರೂ ಸಾಲದು. ಅಂಥ ಮನೆಯಲ್ಲಿ ಲೆಟ್ಯೂಸ್ ಬೆಳೆದರೆ ತಿನ್ನುವವರು ಯಾರು?

ಹಗಲಿನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲೇ. ಮೈಸೂರು, ಮಂಡ್ಯ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿಯ ಆಸುಪಾಸಿನಲ್ಲಿ. ಜೂನ್ ತಿಂಗಳ ಅತಿ ಉದ್ದದ ಹಗಲೂ ಇಲ್ಲಿ 13 ಗಂಟೆ ಮುಟ್ಟುವುದಿಲ್ಲ. ಯುರೋಪಿನ ಈರುಳ್ಳಿ ತಳಿಗಳಲ್ಲಿ ಹಲವಕ್ಕೆ ಗೆಡ್ಡೆ ಕಟ್ಟಲು 14 ಗಂಟೆಗೂ ಮೀರಿದ ಹಗಲು ಬೇಕು. ಅಂಥ ಬೀಜವನ್ನು ಆನ್‌ಲೈನ್‌ನಲ್ಲಿ ತರಿಸಿ ಬಿತ್ತಿದರೆ ಎಷ್ಟು ಗೊಬ್ಬರ ಸುರಿದರೂ ಬರುವುದು ಎಲೆಯಷ್ಟೇ. ಈರುಳ್ಳಿಯೇ ಬೇಕೆಂದರೆ ಅರ್ಕಾ ಕಲ್ಯಾಣ್‌ನಂಥ ನಮ್ಮ ಕಡೆಯ ತಳಿ ಹಾಕಿ, ಮುಂಗಾರಿಗೂ ಆಗುತ್ತದೆ.

ಅವರೆಯದು ಇದಕ್ಕೆ ತದ್ವಿರುದ್ಧ. ನಾಗಮಂಗಲದ ಕಡೆ ರಾಗಿ ಹೊಲದಲ್ಲಿ ನಡುನಡುವೆ ಅಕ್ಕಡಿ ಸಾಲಾಗಿ ಬರುವ ನಾಟಿ ಅವರೆಗೆ ಹಗಲು ಕಿರಿದಾಗುತ್ತ ಬಂದರೇ ಹೂವು. ಜೂನ್ ಕೊನೆ, ಜುಲೈನ ಆರಿದ್ರಾ, ಪುನರ್ವಸು ಮಳೆಗೆ ಬಿತ್ತಿದರೆ ಮಳೆಗಾಲವಿಡೀ ಬಳ್ಳಿ ಹಬ್ಬಿ, ಚಳಿ ಹುಟ್ಟುವಾಗ ಹೂಬಿಟ್ಟು, ಡಿಸೆಂಬರ್-ಜನವರಿಗೆ ಕಾಯಿ ಕೊಡುತ್ತದೆ. ಅದನ್ನೇ ಮಾರ್ಚ್‌ನಲ್ಲಿ ಊರಿದರೆ ಚಪ್ಪರ ಮುಚ್ಚುವಷ್ಟು ಬಳ್ಳಿ ಬಂದೀತು, ತಿಂಗಳುಗಟ್ಟಲೆ ಒಂದು ಹೂವೂ ಕಾಣದು. ವರ್ಷದ ಯಾವ ಕಾಲಕ್ಕಾದರೂ ಬೇಕೆನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ-4, ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಇವೆ. ಗಿಡ್ಡ ಜಾತಿ, ಕುಂಡದಲ್ಲೂ ಬರುತ್ತವೆ, ಹಗಲಿನ ಹಂಗಿಲ್ಲ. ಆದರೆ ಸಿಪ್ಪೆ ಮುಟ್ಟಿದರೆ ಬೆರಳಿಗೆ ಅಂಟುವ ಆ ಜಿಡ್ಡು, ಮನೆಯೆಲ್ಲ ಹರಡುವ ಆ ಸೊಗಡು ಬೇಕಿದ್ದರೆ ನಾಟಿ ಅವರೆಗೇ ಕಾಯಬೇಕು. ನನ್ನ ಮತ ಕಾಯುವವರ ಕಡೆಗೆ.

ಮಿಕ್ಕವಕ್ಕೆ ಲೆಕ್ಕ ಸುಲಭ. ಕೋಸು, ಹೂಕೋಸು, ಕ್ಯಾರೆಟ್, ಪಾಲಕ್ ದಸರೆ ಕಳೆದ ಮೇಲೆ. ಬೆಂಡೆ, ಹೀರೆ, ಸೋರೆ, ಅಲಸಂದೆ ಬೇಸಿಗೆಗೂ ಸರಿ, ಮುಂಗಾರಿಗೂ ಸರಿ. ದಂಟಿಗೆ ಕಾಲವೇ ಇಲ್ಲ. ಮಂಡ್ಯ ಮೈಸೂರಿಗಿಂತ ತಗ್ಗಿನಲ್ಲಿದ್ದು ಸೆಕೆ ಸ್ವಲ್ಪ ಹೆಚ್ಚಾದ್ದರಿಂದ ಚಳಿಯ ಬೆಳೆಗಳನ್ನು ಅಲ್ಲಿನವರು ಇನ್ನೊಂದೆರಡು ವಾರ ತಡೆದು ಬಿತ್ತಿದರೆ ಒಳ್ಳೆಯದು.

ನಾಟಿಯೋ ಹೈಬ್ರಿಡ್ಡೋ?

ಬೀಜ ಎತ್ತಿಟ್ಟುಕೊಂಡು ಮತ್ತೆ ಬಿತ್ತುವ ಆಸೆಯಿದ್ದರೆ ನಾಟಿ ಅಥವಾ ಸುಧಾರಿತ ತಳಿ. ರೋಗದ ಕಾಟ ತಪ್ಪಿದರೆ ಸಾಕು ಅನ್ನುವವರಿಗೆ ಹೈಬ್ರಿಡ್. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹೆಚ್ಚಿನ ತಳಿಗಳ ಹೆಸರಿನಲ್ಲಿ ‘ಅರ್ಕಾ’ ಇರುತ್ತದೆ. ಆದರೆ ಅರ್ಕಾ ಅಂದಾಕ್ಷಣ ನಾಟಿ ಅಂತಲೂ ಅಲ್ಲ, ಹೈಬ್ರಿಡ್ ಅಂತಲೂ ಅಲ್ಲ. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಎಲೆಮುದುಡು ನಂಜು, ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆಯುತ್ತದೆ ನಿಜ, ಅದರ ಹಣ್ಣಿನ ಬೀಜ ಬಿತ್ತಿದರೆ ಮಾತ್ರ ಒಂದೊಂದು ಗಿಡ ಒಂದೊಂದು ಥರ. ಅರ್ಕಾ ವಿಕಾಸ್ ಹಾಗಲ್ಲ, ಬೀಜ ಉಳಿಸಿಕೊಳ್ಳಬಹುದು. ಸಾರಿಗಂತೂ ಹುಳಿ ನಾಟಿ ಟೊಮೆಟೊವೇ ಆಗಬೇಕು. ಮಳೆಗೆ ಹಣ್ಣು ಬಿರಿಯುತ್ತದೆ, ಸಿಪ್ಪೆ ತೆಳು, ಆದರೂ ಎರಡು ಕುಂಡ ಅದಕ್ಕೇ ಮೀಸಲಿಡಿ.

ಬೆಂಡೆಗೆ ಅರ್ಕಾ ಅನಾಮಿಕಾ. ಎಲೆಯ ನರಗಳನ್ನೆಲ್ಲ ಹಳದಿ ಮಾಡುವ ನಂಜುರೋಗ ತಾಳಿಕೊಳ್ಳಲೆಂದು ಕಾಡುಬೆಂಡೆಯ ಜೊತೆ ಸಂಕರ ಮಾಡಿ ತಂದ ತಳಿ ಅದು. ಬಿತ್ತಿದ 45-50 ದಿನಕ್ಕೆ ಮೊದಲ ಕೊಯ್ಲು. ಹುರುಳಿಕಾಯಿಗೆ ಅರ್ಕಾ ಕೋಮಲ್, ಕಡ್ಡಿ ಊರುವ ಗೋಜಿಲ್ಲದ ಪೊದೆ ಜಾತಿ. ಮತ್ತೆಮತ್ತೆ ಕೊಯ್ಯುವ ಸೊಪ್ಪಿಗೆ ಅರ್ಕಾ ಸುಗುಣ ದಂಟು, ಅರ್ಕಾ ಅನುಪಮ ಪಾಲಕ್. ಈ ಬೀಜಗಳನ್ನು ಸಂಸ್ಥೆಯಿಂದ ಆನ್‌ಲೈನ್‌ನಲ್ಲೂ ತರಿಸಿಕೊಳ್ಳಬಹುದು. ದೇಸಿ ತಳಿಗಳಿಗೆ ಸಹಜ ಸಮೃದ್ಧದಂಥ ಸಂಸ್ಥೆಗಳಿವೆ, ಬೀಜಮೇಳಗಳಿವೆ. ಮೇಳಕ್ಕೆ ಹೋದಾಗ ಈರನಗೆರೆ ಬದನೆ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಮೈಸೂರಿನ ಹೆಸರಾಂತ ಬದನೆ ಕೈಗೆಟುಕುವಂತಿರುವಾಗ ಬೇರೆ ಊರಿನ ಬದನೆ ಯಾಕೆ?

ಸಂಬಾರ ಸೊಪ್ಪುಗಳು

ಕೊತ್ತಂಬರಿ, ಮೆಂತ್ಯಕ್ಕೆ ಪೊಟ್ಟಣ ಕೊಳ್ಳುವುದು ದಂಡ. ಡಬ್ಬಿಯಲ್ಲಿರುವುದನ್ನೇ ಬಿತ್ತಿ, ಹಳೆಯದಾಗಿರದಿದ್ದರೆ ಸಾಕು. ಧನಿಯವನ್ನು ಮಣೆಯ ಮೇಲೆ ಹರಡಿ ಲಟ್ಟಣಿಗೆಯಿಂದ ಹಗುರವಾಗಿ ಉರುಳಿಸಿದರೆ ಎರಡು ಹೋಳಾಗುತ್ತದೆ, ಒಂದೊಂದು ಹೋಳಿನಲ್ಲೂ ಒಂದು ಬೀಜ. ಪುಡಿಯಾಗುವಷ್ಟು ಒತ್ತಬೇಡಿ. ರಾತ್ರಿ ನೆನೆಸಿ ಬಿತ್ತಿ, ಹತ್ತು ದಿನ ತಾಳ್ಮೆಯಿರಲಿ. ಮೆಂತ್ಯ ಮೂರ್ನಾಲ್ಕು ದಿನಕ್ಕೇ ತಲೆಯೆತ್ತುತ್ತದೆ. ಏಪ್ರಿಲ್ ಬಿಸಿಲಿಗೆ ಕೊತ್ತಂಬರಿ ಎಲೆ ಕೊಡುವ ಮೊದಲೇ ಹೂವಿಗೆ ಹೋಗುತ್ತದೆ, ಆಗ ನೆರಳಿನಲ್ಲಿಡಿ ಅಥವಾ ಸುಮ್ಮನಿರಿ. ಕಾಮಕಸ್ತೂರಿ ಬೀಜದಿಂದ ಸಲೀಸು. ಪುದೀನ, ದೊಡ್ಡಪತ್ರೆಗೆ ಬೀಜ ಹುಡುಕುವುದೇ ಬೇಡ, ಕಡ್ಡಿ ನೆಟ್ಟರಾಯಿತು. ರೋಸ್‌ಮರಿಯನ್ನೂ ಸಸಿಯಾಗಿಯೇ ತನ್ನಿ, ಬೀಜ ನಂಬಿದರೆ ತಿಂಗಳುಗಟ್ಟಲೆ ಕಾಯಬೇಕು.

ಪೊಟ್ಟಣದ ಹಿಂಭಾಗ ಓದಿ

ಚಿತ್ರ ಇರುವುದು ಮುಂದೆ, ವಿಷಯ ಇರುವುದು ಹಿಂದೆ. ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆಯ ಶೇಕಡಾವಾರು, ಪರೀಕ್ಷೆ ಮಾಡಿದ ದಿನ, ಅವಧಿ ಮುಗಿಯುವ ದಿನ ಅಲ್ಲಿರಬೇಕು. ಬರೀ ‘ಟೊಮೆಟೊ’ ಎಂದಿದ್ದು ತಳಿಯ ಹೆಸರೇ ಇಲ್ಲದ ಪೊಟ್ಟಣವನ್ನು ವಾಪಸ್ ಕೊಟ್ಟುಬಿಡಿ. ಕನಿಷ್ಠ ಮೊಳಕೆ ಟೊಮೆಟೊಗೆ ಶೇ 70, ಬೆಂಡೆಗೆ ಶೇ 65, ಮೆಣಸಿನಕಾಯಿಗೆ ಶೇ 60 ಎಂಬುದು ಸರ್ಕಾರದ ಮಾನದಂಡ. ಮೆಣಸಿನಕಾಯಿ ಬೀಜ ಹತ್ತು ಹಾಕಿದಾಗ ಆರು ಹುಟ್ಟಿದರೆ ಅಂಗಡಿಯವರನ್ನು ಬಯ್ಯಬೇಡಿ. ಗುಲಾಬಿ ಬಣ್ಣದ ಪುಡಿ ಮೆತ್ತಿದ ಬೀಜ ಶಿಲೀಂಧ್ರನಾಶಕ ಹಚ್ಚಿದ್ದು, ಅಡುಗೆಮನೆಯೊಳಗೆ ತರಲೇಬೇಡಿ. ಬಿತ್ತಿದ ಮೇಲೆ ಕೈ ತೊಳೆಯಿರಿ.

ಹಳೆಯ ಬೀಜವಾದರೆ ಹತ್ತನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಒಣಗದಂತೆ ವಾರ ನೋಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ, ನಾಲ್ಕೈದಾದರೆ ದಟ್ಟವಾಗಿ ಬಿತ್ತಿ, ಅದಕ್ಕೂ ಕಡಿಮೆಯಾದರೆ ಹೊಸದು ತನ್ನಿ. ಉಳಿದ ಬೀಜವನ್ನು ಪೊಟ್ಟಣದ ಸಮೇತ ಗಾಜಿನ ಬಾಟಲಿಯಲ್ಲಿ ಹಾಕಿ, ತೇವ ತಗುಲದ ತಂಪು ಜಾಗದಲ್ಲಿಡಿ. ಟೊಮೆಟೊ, ಬದನೆ ಬೀಜ ಮೂರು ವರ್ಷವಾದರೂ ಕೈಕೊಡುವುದಿಲ್ಲ. ಈರುಳ್ಳಿಯದನ್ನು ಮಾತ್ರ ಆ ವರ್ಷವೇ ಬಿತ್ತಿ ಮುಗಿಸಿ.