ಕೆಮಿಕಲ್ ಫಿಸಿಕ್ಸ್ ಓದಬೇಕೆ? ಗಣಿತ ಬಿಡಬೇಡಿ

ಅಣುಗಳು ಹೇಗೆ ಕೂಡುತ್ತವೆ, ಹೇಗೆ ಒಡೆಯುತ್ತವೆ ಎಂಬುದನ್ನು ಭೌತಶಾಸ್ತ್ರದ ನಿಯಮ ಹಿಡಿದು ಲೆಕ್ಕ ಹಾಕುವುದೇ ಕೆಮಿಕಲ್ ಫಿಸಿಕ್ಸ್. ಅಮೆರಿಕದ ಬ್ರೌನ್, ರೈಸ್ ವಿಶ್ವವಿದ್ಯಾಲಯಗಳಲ್ಲಿ ಇದೇ ಹೆಸರಿನ ಮೇಜರ್ (ಪದವಿಯ ಮುಖ್ಯ ವಿಷಯ) ಇದೆ. ನಮ್ಮ ಪದವಿ ಕಾಲೇಜುಗಳಲ್ಲಿ ಆ ಹೆಸರನ್ನು ಸುಮ್ನೆ ಹುಡುಕುತ್ತ ಕೂರಬೇಡಿ. ಬೇಕಾದ್ದನ್ನು ನೀವೇ ಜೋಡಿಸಿಕೊಳ್ಳಬೇಕು.

ಮೊದಲ ಹೆಜ್ಜೆ, ಪಿಯುಸಿಯಲ್ಲೂ ಬಿಎಸ್ಸಿಯಲ್ಲೂ ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಗಣಿತ. ‘ಕೆಮಿಸ್ಟ್ರಿ ಇಷ್ಟ, ಮ್ಯಾಥ್ಸ್ ಕಷ್ಟ’ ಎಂದು ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ಹಿಡಿದರೆ ಈ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಬೆಂಗಳೂರಿನ ಐಐಎಸ್ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ. ಅಲ್ಲಿ ಮೊದಲು ಎಲ್ಲ ವಿಜ್ಞಾನ ಓದಿ, ಆಮೇಲೆ ಮೇಜರ್ ಆರಿಸಬಹುದು.

ಓದುವಾಗ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್, ಮ್ಯಾಟ್ರಿಕ್ಸ್ ಮೊದಲು ಗಟ್ಟಿಯಾಗಲಿ. ಕ್ವಾಂಟಮ್ ಮೆಕ್ಯಾನಿಕ್ಸ್ ಆಮೇಲೆ. ಥರ್ಮೋಡೈನಾಮಿಕ್ಸ್ ಎರಡೂ ತರಗತಿಯಲ್ಲಿ ಬರುತ್ತದೆ. ಅನಿಲ ಮಾಡಿದ ಕೆಲಸಕ್ಕೆ ಫಿಸಿಕ್ಸ್ ಮೇಷ್ಟ್ರು ಪ್ಲಸ್ ಹಾಕಿದರೆ ಕೆಮಿಸ್ಟ್ರಿ ಮೇಡಂ ಮೈನಸ್ ಹಾಕುತ್ತಾರೆ! ಇಬ್ಬರೂ ಸರಿ. ಉತ್ತರ ಬರೆಯುವಾಗ ಮಾತ್ರ ಒಂದೇ ಪದ್ಧತಿಗೆ ಅಂಟಿಕೊಳ್ಳಿ.

ಮೂರನೇ ವರ್ಷ ಬರುವಷ್ಟರಲ್ಲಿ ಒಂದು ಅಣುವನ್ನಾದರೂ ಪೂರ್ತಿ ಲೆಕ್ಕ ಮಾಡಿ ನೋಡಿ. ಹೈಡ್ರೋಜನ್ ಕ್ಲೋರೈಡ್ ಒಳ್ಳೆಯದು. ಈ ಅನಿಲದ ಇನ್‌ಫ್ರಾರೆಡ್ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಅದು ಯಾವ ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಎಂದು ತೋರಿಸುವ ಚಿತ್ರದಲ್ಲಿ, ಸೆಂಟಿಮೀಟರಿಗೆ 2886 ಅಲೆಗಳ ಆಚೀಚೆ, ಬಾಚಣಿಗೆ ಹಲ್ಲಿನಂತೆ ಗೆರೆಗಳು ಕಾಣುತ್ತವೆ. ನಟ್ಟನಡುವಿನ ಹಲ್ಲು ಇರುವುದಿಲ್ಲ. ಉಳಿದವುಗಳ ನಡುವಿನ ಅಂತರ ಅದೇ ಅಳತೆಯಲ್ಲಿ ಸುಮಾರು 21. ಅದರ ಅರ್ಧ ತೆಗೆದುಕೊಂಡು ಅಣು ತಿರುಗುವ ಸೂತ್ರಕ್ಕೆ ಹಾಕಿದರೆ ಬಾಂಡ್ ಉದ್ದ, ಅಂದರೆ ಎರಡು ಪರಮಾಣುಗಳ ನಡುವಿನ ದೂರ, ಸಿಗುತ್ತದೆ. 0.13 ನ್ಯಾನೊಮೀಟರ್ ಹತ್ತಿರ ಬರಬೇಕು. ಒಳ್ಳೆಯ ಉಪಕರಣವಾದರೆ ಪ್ರತಿ ಹಲ್ಲೂ ಜೋಡಿಯಾಗಿ ಕಾಣುತ್ತದೆ. ಕ್ಲೋರಿನ್ ಪರಮಾಣುಗಳಲ್ಲಿ ತೂಕ ಬೇರೆ ಬೇರೆಯಾದ ಎರಡು ಬಗೆ (ಐಸೊಟೋಪ್) ಇವೆ. ದೊಡ್ಡದು ಕ್ಲೋರಿನ್-35ರದ್ದು, ಸಣ್ಣದು ಕ್ಲೋರಿನ್-37ರದ್ದು. ಎತ್ತರ ಸುಮಾರು ಮೂರಕ್ಕೆ ಒಂದು. ಪಿಯುಸಿಯಲ್ಲಿ ಕ್ಲೋರಿನ್‌ಗೆ ಪರಮಾಣು ತೂಕ 35.5 ಎಂದು ಬಾಯಿಪಾಠ ಮಾಡಿದ್ದಿರಿ ಅಲ್ವಾ? ಆ ಅರ್ಧ ಎಲ್ಲಿಂದ ಬಂತು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಇಂಥ ಲೆಕ್ಕಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತರೆ ಕೆಲಸ ಹಗುರ. ಬೇಸಿಗೆ ರಜೆಯಲ್ಲಿ ವಿಜ್ಞಾನ ಅಕಾಡೆಮಿಗಳ ಫೆಲೋಶಿಪ್‌ಗೋ ಬೆಂಗಳೂರಿನ ಜಕ್ಕೂರಿನಲ್ಲಿರುವ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ಗೋ ಅರ್ಜಿ ಹಾಕಿ ಲ್ಯಾಬ್ ನೋಡಿ ಬನ್ನಿ.

ಕೊನೆಯ ವರ್ಷ ಜ್ಯಾಮ್ ಪರೀಕ್ಷೆ, ಅಂದರೆ ಐಐಟಿಗಳಂಥ ಕಡೆ ಎಂಎಸ್ಸಿ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಇದರಲ್ಲಿ ಎರಡು ಪೇಪರ್‌ವರೆಗೆ ಬರೆಯಬಹುದು. ಫಿಸಿಕ್ಸ್, ಕೆಮಿಸ್ಟ್ರಿ ಎರಡನ್ನೂ ಕಟ್ಟುವ ಮೊದಲು ಅವುಗಳ ಸೆಷನ್ ಬೇರೆ ಬೇರೆ ಇದೆಯೇ, ನೀವು ಸೇರಬೇಕೆಂದಿರುವ ಕೋರ್ಸ್ ಯಾವ ಪೇಪರ್ ಕೇಳುತ್ತದೆ ಎಂದು ನೋಡಿಕೊಳ್ಳಿ.