ಅರಿವಳಿಕೆಗೆ ಮುಂಚೆ: ಪುಡಿ ಡಬ್ಬಿ ಬೇಡ, ಬೀಡಿ ಬಿಡಿ

ಆಪರೇಷನ್ ಅಂದ ಕೂಡಲೇ ನಮ್ಮ ತುಮಕೂರಿನಲ್ಲಿ ನೆಂಟರು ಎರಡು ವಸ್ತು ಹಿಡಿದು ಬರುತ್ತಾರೆ. ಒಂದು ಟೀ ಫ್ಲಾಸ್ಕು, ಇನ್ನೊಂದು ‘ಆಂಟಿಆಕ್ಸಿಡೆಂಟ್’ ಪುಡಿ ಡಬ್ಬಿ. ಎರಡೂ ಬೇಡ.

ಮೊದಲು ವಿಷಯ ತಿಳಿಯಿರಿ. ನಾವು ಉಸಿರಾಡುವ ಆಮ್ಲಜನಕದಲ್ಲಿ ಒಂಚೂರು ದೇಹದೊಳಗೆ ತಂಟೆಕೋರ ಕಣವಾಗುತ್ತದೆ. ಫ್ರೀ ರ್‍ಯಾಡಿಕಲ್ ಅನ್ನುತ್ತಾರಲ್ಲ, ಅದೇ. ಅದನ್ನು ತಡೆಯುವ ವಸ್ತುವೇ ಆಂಟಿಆಕ್ಸಿಡೆಂಟ್. ಈ ಕಣಗಳು ದೇಹದ ಹತೋಟಿ ಮೀರಿದರೆ ಆಕ್ಸಿಡೇಟಿವ್ ಸ್ಟ್ರೆಸ್. ಆಪರೇಷನ್ನಿನ ಗಾಯದಿಂದಲೇ ಇದು ಏರುತ್ತದೆ. ಮಂಡಿ ಆಪರೇಷನ್ನಿನಲ್ಲಿ ತೊಡೆಗೆ ಪಟ್ಟಿ ಬಿಗಿದು ರಕ್ತ ತಡೆದು, ಮತ್ತೆ ಬಿಟ್ಟಾಗ ಇನ್ನೂ ಜಾಸ್ತಿ. ಅರಿವಳಿಕೆಗೆ ಕೊಡುವ ಸೆವೊಫ್ಲುರೇನ್, ಐಸೊಫ್ಲುರೇನ್ ಗ್ಯಾಸ್‌ಗಳು ಇಂಥ ಹೊಡೆತಕ್ಕೆ ಹೃದಯದ ಕೋಶಗಳನ್ನು ಮೊದಲೇ ಪಳಗಿಸುವುದು ಪ್ರಯೋಗಗಳಲ್ಲಿ ಕಂಡಿದೆ. ಯಾವ ಗ್ಯಾಸ್ ಅನ್ನುವುದನ್ನು ಡಾಕ್ಟರಿಗೇ ಬಿಡಿ.

ನಿಮ್ಮ ಕೆಲಸ ಬೀಡಿ ಬಿಡುವುದು. ಎಲ್ಲರೂ ಎಡವುವುದು ಇಲ್ಲೇ. ‘ಇದೇ ಕೊನೇದು’ ಅಂತ ಆಸ್ಪತ್ರೆ ಗೇಟಿನಲ್ಲಿ ಒಂದು ಎಳೆದೇ ಒಳಗೆ ಬರುತ್ತಾರೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್, ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ, ರಕ್ತದಲ್ಲಿ ಆಮ್ಲಜನಕದ ಸೀಟು ಹಿಡಿದು ಕೂರುತ್ತದೆ. ಒಂದು ದಿನ ಬಿಟ್ಟರೆ ಆ ಸೀಟು ಬಹುಪಾಲು ಖಾಲಿ. ಆದರೆ ಗಾಯ ಸರಿಯಾಗಿ ಮಾಯಲು, ಕಫದ ಕಾಟ ತಗ್ಗಲು 4 ವಾರವಾದರೂ ಬೇಕು. ತಾರೀಕು ಗೊತ್ತಾದ ದಿನವೇ ಬಿಡಿ. ಅರಿವಳಿಕೆ ಡಾಕ್ಟರು ಕೇಳಿದಾಗ ಸುಳ್ಳು ಹೇಳಬೇಡಿ. ಪಕ್ಕದಲ್ಲಿ ಮಾವನವರಿದ್ದರೆ ಹೊರಗೆ ಕಳಿಸಿ, ಆಮೇಲೆ ಹೇಳಿ.

ಇನ್ನು ಪುಡಿ. ಡಬ್ಬಿಯ ಮೇಲೆ ಬರೆದದ್ದಕ್ಕೂ ಒಳಗಿರುವುದಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್ ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟುವುದು ತಡವಾಗಬಹುದು. ಮನೆಯಲ್ಲಿರುವ ಮಾತ್ರೆ, ಪುಡಿ, ಕಷಾಯ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ನೀವೇ ಯಾವುದನ್ನೂ ನಿಲ್ಲಿಸಬೇಡಿ.

ಉಪವಾಸದ ಸಾಮಾನ್ಯ ಲೆಕ್ಕ ಇದು: ಎಣ್ಣೆ-ಜಿಡ್ಡಿನ ಊಟಕ್ಕೆ 8 ಗಂಟೆ, ಹಗುರ ತಿಂಡಿಗೆ 6, ಬರೀ ನೀರಿಗೆ 2. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅದೇ ಸರಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಬಿತ್ತೋ, 8 ಅಂತಲೇ ಇಟ್ಟುಕೊಳ್ಳಿ. ಹಾಲು ಹಾಕಿದ ಟೀ ನೀರಲ್ಲ, ತಿಂಡಿ. ‘ಸುಮ್ನೆ ಎರಡು ಗುಟುಕು’ ಕುಡಿದು ಆಪರೇಷನ್ ಮುಂದಕ್ಕೆ ಹಾಕಿಸಿಕೊಂಡವರನ್ನು ನೋಡಿದ್ದೇನೆ.

ಉಗುರಿನ ಬಣ್ಣ ಅಳಿಸಿ, ಹಲ್ಲಿನ ಸೆಟ್ಟು ತೆಗೆದು ಮನೆಯವರ ಕೈಗೆ ಕೊಡಿ.