ಕಾರ್ಯಕ್ರಮದ ಮರುದಿನವನ್ನು ಮೊದಲು ಯೋಚಿಸಿ: ಸ್ವಯಂಸೇವಾ ಕ್ಲಬ್‌ಗಳಿಗೆ ಒಂದು ಕೈಪಿಡಿ

ಸ್ವಯಂಸೇವಾ ಕ್ಲಬ್‌ಗಳಲ್ಲಿ ಹೊಸ ಪದಾಧಿಕಾರಿಗಳು ಅಧಿಕಾರ ವಹಿಸಿಕೊಂಡ ಮೊದಲ ಸಭೆಯಲ್ಲೇ ಇಡೀ ವರ್ಷದ ಪಟ್ಟಿ ಸಿದ್ಧವಾಗಿಬಿಡುತ್ತದೆ: ಒಂದು ತಿಂಗಳು ರಕ್ತದಾನ ಶಿಬಿರ, ಇನ್ನೊಂದು ತಿಂಗಳು ಗಿಡ ನೆಡುವುದು, ಮತ್ತೊಂದು ತಿಂಗಳು ಸ್ವಚ್ಛತೆ, ಕೊನೆಗೆ ಶಾಲೆಗೆ ಪುಸ್ತಕ ವಿತರಣೆ. ಪಟ್ಟಿ ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಯಾವ ಕಾರ್ಯಕ್ರಮಕ್ಕೂ ದಿನಾಂಕ ಗೊತ್ತುಪಡಿಸಬಾರದು: ಈ ಕೆಲಸ ಬೇಕೆಂದು ಕೇಳಿದವರು ಯಾರು, ಮತ್ತು ಕಾರ್ಯಕ್ರಮ ಮುಗಿದ ಮರುದಿನ ಇದನ್ನು ನೋಡಿಕೊಳ್ಳುವವರು ಯಾರು? ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯವೆಂದು ನಾನು ನಂಬಿದ್ದೇನೆ. ಈ ಬರಹದ ಬಹುಭಾಗ ಅದರ ಸುತ್ತಲೇ ಇದೆ.

ಮೊದಲ ಪ್ರಶ್ನೆಗೆ ಉತ್ತರ ಸಭಾಂಗಣದಲ್ಲಿ ಸಿಗುವುದಿಲ್ಲ. ಆರೋಗ್ಯ ಕೇಂದ್ರದ ನರ್ಸ್, ಶಾಲೆಯ ಶಿಕ್ಷಕರು, ಬೀದಿ ಗುಡಿಸುವವರು, ಒಂಟಿಯಾಗಿ ಬಾಳುವ ವೃದ್ಧರು ಇವರ ಬಳಿಗೆ ಇಬ್ಬಿಬ್ಬರು ಸದಸ್ಯರು ಹೋಗಿ, ಕುಳಿತು, ಸಾವಧಾನವಾಗಿ ಕೇಳಬೇಕು. "ನಿಮಗೆ ಏನು ಬೇಕು?" ಎಂದು ಕೇಳಿದರೆ ಸಾಮಾನ್ಯವಾಗಿ ವಸ್ತುಗಳ ಪಟ್ಟಿಯೇ ಸಿಗುತ್ತದೆ, ಏಕೆಂದರೆ ಕ್ಲಬ್‌ನವರು ವಸ್ತು ಕೊಡುವವರೆಂದು ಜನ ಮೊದಲೇ ಭಾವಿಸಿರುತ್ತಾರೆ. ಅದರ ಬದಲು "ಹೋದ ತಿಂಗಳು ಮಾಡಬೇಕೆಂದುಕೊಂಡು ಮಾಡಲಾಗದೆ ಉಳಿದ ಕೆಲಸ ಯಾವುದು, ಯಾಕೆ ಉಳಿಯಿತು?" ಎಂದು ಕೇಳುವುದು ಒಳ್ಳೆಯದು. ಗ್ರಂಥಾಲಯಕ್ಕೆ ಪುಸ್ತಕ ಕೊಡಲು ಹೊರಟ ಕ್ಲಬ್‌ಗೆ, ಆ ಶಾಲೆಯ ಕಪಾಟಿನಲ್ಲಿ ಪುಸ್ತಕಗಳು ಈಗಾಗಲೇ ತುಂಬಿವೆಯೆಂದೂ, ಮಕ್ಕಳ ಹೆಸರು ಬರೆದುಕೊಂಡು ಅವನ್ನು ಕೊಟ್ಟು ಮರಳಿ ಪಡೆಯುವವರು ಇಲ್ಲದ್ದರಿಂದ ಕಪಾಟಿಗೆ ಸದಾ ಬೀಗವಿರುತ್ತದೆಯೆಂದೂ ಈ ಒಂದು ಪ್ರಶ್ನೆಯಿಂದ ತಿಳಿಯಬಹುದು. ಹಾಗಿದ್ದಲ್ಲಿ ಅಲ್ಲಿಗೆ ಬೇಕಾದದ್ದು ಇನ್ನಷ್ಟು ಪುಸ್ತಕವಲ್ಲ, ವಾರಕ್ಕೆ ಎರಡು ಸಲ ಒಂದು ಗಂಟೆ ಕುಳಿತುಕೊಳ್ಳುವ ಒಬ್ಬ ಸದಸ್ಯ.

ಕ್ಲಬ್‌ಗಳ ಚರಿತ್ರೆಯಲ್ಲೇ ಇದಕ್ಕೆ ಉತ್ತಮ ನಿದರ್ಶನವಿದೆ. 1905ರಲ್ಲಿ ಶಿಕಾಗೋದಲ್ಲಿ ಆರಂಭವಾದ ರೋಟರಿ ಕ್ಲಬ್ 1907ರಲ್ಲಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸವೆಂದರೆ ನಗರದಲ್ಲಿ ಸಾರ್ವಜನಿಕ ಶೌಚಾಲಯಗಳನ್ನು ಕಟ್ಟಿಸುವ ಪ್ರಯತ್ನ. ಬೀದಿಯಲ್ಲಿ ಓಡಾಡುವ ಯಾರಿಗಾದರೂ ಆ ಅಗತ್ಯ ತಾನಾಗಿಯೇ ಗೊತ್ತಿತ್ತು. ಶೌಚಾಲಯಕ್ಕೆ ಜಾಗ, ನೀರು, ನಿತ್ಯದ ಸ್ವಚ್ಛತೆ ಮೂರೂ ಬೇಕಾಗುವುದರಿಂದ ಇಂಥ ಕೆಲಸವನ್ನು ಸ್ಥಳೀಯ ಆಡಳಿತ ಕೈಜೋಡಿಸದೆ ಮುಗಿಸಲಾಗದು. ಕಟ್ಟಡ, ರಸ್ತೆ, ಉದ್ಯಾನ, ಕುಡಿಯುವ ನೀರು ಇವುಗಳಿಗೆ ಸಂಬಂಧಿಸಿದ ಯಾವುದೇ ಯೋಜನೆಗೆ, ನಿರ್ವಹಣೆ ಯಾರ ಹೊಣೆ ಎಂಬುದನ್ನು ಬರಹದಲ್ಲಿ ಪಡೆದ ಮೇಲೆಯೇ ದೇಣಿಗೆ ಸಂಗ್ರಹಕ್ಕೆ ಕೈ ಹಾಕಬೇಕು.

ಯೋಜನೆಯ ಗಾತ್ರವನ್ನು ಸದಸ್ಯರ ಸಂಖ್ಯೆಯ ಮೇಲೆ ನಿರ್ಧರಿಸದೆ, ಅವರು ನಿಜವಾಗಿ ಕೊಡಬಲ್ಲ ಸಮಯದ ಮೇಲೆ ನಿರ್ಧರಿಸಬೇಕು. ಪ್ರತಿಯೊಬ್ಬರೂ ವಾರಕ್ಕೆ ಎಷ್ಟು ಗಂಟೆ, ಯಾವ ಹೊತ್ತಿನಲ್ಲಿ ಕೊಡಬಲ್ಲರು ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡರೆ ಸಾಕು, ಮಾಡಬಹುದಾದದ್ದು ಮತ್ತು ಮಾಡಲಾಗದ್ದು ಎರಡೂ ಸ್ಪಷ್ಟವಾಗುತ್ತವೆ.

ಇನ್ನು ರಕ್ತದಾನ ಶಿಬಿರ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಸಾಮಾನ್ಯವಾಗಿ ಇಲ್ಲಿ ಸದುದ್ದೇಶಕ್ಕೆ ಕೊರತೆಯಿರುವುದಿಲ್ಲ, ಲೆಕ್ಕಾಚಾರಕ್ಕೆ ಇರುತ್ತದೆ. ಸಂಗ್ರಹಿಸಿದ ರಕ್ತದ ಕೆಂಪುಕಣಗಳನ್ನು ಶೀತಲೀಕರಿಸಿ ಇಟ್ಟರೂ ಹೆಚ್ಚೆಂದರೆ ಸುಮಾರು 42 ದಿನ ಬಳಸಬಹುದು. ಪ್ಲೇಟ್‌ಲೆಟ್‌ಗಳ ಆಯುಸ್ಸು ಸಾಮಾನ್ಯವಾಗಿ 5 ದಿನ ಮಾತ್ರ. ವರ್ಷಕ್ಕೊಮ್ಮೆ ಭಾರಿ ಶಿಬಿರ ನಡೆಸಿ ನೂರಾರು ಯೂನಿಟ್ ಸಂಗ್ರಹಿಸುವ ಕ್ಲಬ್, ಆ ವಾರ ರಕ್ತನಿಧಿಯನ್ನು ತುಂಬಿಸಿ, ಎರಡು ತಿಂಗಳ ನಂತರದ ಕೊರತೆಗೆ ಏನೂ ಮಾಡದೆ ಉಳಿಯುತ್ತದೆ. ಆದ್ದರಿಂದ ಮೊದಲು ರಕ್ತನಿಧಿಯ ಅಧಿಕಾರಿಯನ್ನು ಭೇಟಿ ಮಾಡಿ, ವರ್ಷದ ಯಾವ ವಾರಗಳಲ್ಲಿ ದಾಸ್ತಾನು ಇಳಿಯುತ್ತದೆ, ಒಂದು ದಿನಕ್ಕೆ ಎಷ್ಟು ಯೂನಿಟ್‌ಗಳನ್ನು ಸಂಸ್ಕರಿಸಲು ಅವರಿಗೆ ಸಾಧ್ಯ ಎಂದು ಕೇಳಿ, ಅದಕ್ಕೆ ತಕ್ಕಂತೆ ಸಣ್ಣ ಶಿಬಿರಗಳನ್ನು ವರ್ಷದುದ್ದಕ್ಕೂ ಹಂಚಬೇಕು. ದೊಡ್ಡ ಸಂಖ್ಯೆಯ ಆಕರ್ಷಣೆಯನ್ನು ಬಿಡಲು ಮನಸ್ಸು ಒಪ್ಪುವುದು ಕಷ್ಟ. ಆದರೆ ರೋಗಿಗೆ ಬೇಕಾದದ್ದು ಅವನಿಗೆ ಬೇಕಾದ ದಿನ ದೊರೆಯುವ ರಕ್ತ.

ದಾನಿಗಳ ಅರ್ಹತೆಯನ್ನು ತೀರ್ಮಾನಿಸುವುದು ವೈದ್ಯಕೀಯ ತಂಡದ ಕೆಲಸ, ಸ್ವಯಂಸೇವಕರದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸಾಮಾನ್ಯ ಅಳತೆ 18ರಿಂದ 65 ವರ್ಷ ವಯಸ್ಸು ಮತ್ತು ಕನಿಷ್ಠ 50 ಕಿಲೋ ತೂಕ. ಹಿಮೋಗ್ಲೋಬಿನ್, ಔಷಧ ಸೇವನೆ, ಹಿಂದಿನ ದಾನದ ನಂತರದ ಅಂತರ ಇವುಗಳಿಗೆ ಆಯಾ ದೇಶದ ನಿಯಮಗಳಿವೆ. ಈ ವಿವರಗಳನ್ನು ಪ್ರಕಟಣೆಯಲ್ಲೇ ತಿಳಿಸಿದರೆ, ದೂರದಿಂದ ಬಂದು ನಿರಾಶರಾಗಿ ಮರಳುವವರ ಸಂಖ್ಯೆ ಕಡಿಮೆಯಾಗುತ್ತದೆ. ತಪಾಸಣೆಯಲ್ಲಿ ಉತ್ತೀರ್ಣರಾಗದವರನ್ನು ಎಲ್ಲರೆದುರು ವಾಪಸು ಕಳುಹಿಸಬಾರದು. ಅವರನ್ನು ಪಕ್ಕಕ್ಕೆ ಕರೆದು ಕಾರಣವನ್ನು ವೈದ್ಯರಿಂದಲೇ ತಿಳಿಸಬೇಕು, ನೋಂದಣಿ ಅಥವಾ ವಿಶ್ರಾಂತಿ ವಿಭಾಗದಲ್ಲಿ ಅವರಿಗೊಂದು ಕೆಲಸ ಕೊಟ್ಟರೆ ಇನ್ನೂ ಉತ್ತಮ. ದಾನದ ನಂತರ ಹತ್ತು ಹದಿನೈದು ನಿಮಿಷ ವಿಶ್ರಾಂತಿ ಅಗತ್ಯ. ಅಲ್ಲಿ ಪಾನೀಯ ಕೊಡುವವರ ಹೊರತಾಗಿ ಇನ್ನೊಬ್ಬ ಸ್ವಯಂಸೇವಕರನ್ನು ಬರೀ ದಾನಿಗಳ ಮುಖ ಗಮನಿಸುವುದಕ್ಕೆಂದೇ ಕೂರಿಸಬೇಕು. ಮುಖ ಬಿಳಿಚಿಕೊಂಡು, ಹಣೆಯಲ್ಲಿ ಬೆವರು ಮೂಡಿ, ಮಾತು ನಿಧಾನವಾದ ಕೂಡಲೇ ಅವರನ್ನು ಮಲಗಿಸಿ, ಕಾಲುಗಳನ್ನು ಎತ್ತರಿಸಿಟ್ಟು, ನರ್ಸ್‌ನ್ನು ಕರೆಯಬೇಕು. ಎದ್ದು ನಡೆದ ಮೇಲೆ ಬೀಳುವವರಿಗೇ ಹೆಚ್ಚು ಪೆಟ್ಟಾಗುತ್ತದೆ.

ಗಿಡ ನೆಡುವ ಕಾರ್ಯಕ್ರಮದಲ್ಲಿ ಸಸಿಗಳ ಸಂಖ್ಯೆಗಿಂತ ಮೊದಲು ನೀರಿನ ಮೂಲವನ್ನೂ ಕಾವಲಿನವರನ್ನೂ ಗೊತ್ತುಮಾಡಿಕೊಳ್ಳಬೇಕು. ನೆಡುವಾಗ ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ತೆಗೆಯಬೇಕು. ಚೀಲದೊಳಗೆ ಸುತ್ತಿಕೊಂಡಿರುವ ಬೇರುಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಬೇಕು. ಕಾಂಡ ಬೇರಾಗಿ ಕವಲೊಡೆಯುವ ಜಾಗ ನೆಲದ ಮಟ್ಟದಲ್ಲೇ ಇರುವಂತೆ ನೋಡಿಕೊಳ್ಳಬೇಕು. ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕುವಾಗ ಅದು ಕಾಂಡಕ್ಕೆ ತಾಗಬಾರದು, ತಾಗಿದರೆ ತೊಗಟೆ ಕೊಳೆಯುತ್ತದೆ. ಮೊದಲ ಎರಡು ಮೂರು ವರ್ಷಗಳ ಒಣಹವೆಯ ತಿಂಗಳುಗಳೇ ಸಸಿಗೆ ಪರೀಕ್ಷೆ. ಹಾಗಾಗಿ ಒಂದೊಂದು ಸಾಲಿಗೂ ಒಬ್ಬ ಸದಸ್ಯರನ್ನು ಹೊಣೆಗಾರರನ್ನಾಗಿ ಮಾಡಿ, ವರದಿಯಲ್ಲಿ ನೆಟ್ಟ ಸಸಿಗಳ ಸಂಖ್ಯೆಯ ಪಕ್ಕದಲ್ಲಿ ಒಂದು ವರ್ಷದ ನಂತರ ಬದುಕುಳಿದವುಗಳ ಸಂಖ್ಯೆಯನ್ನೂ ಕಡ್ಡಾಯವಾಗಿ ದಾಖಲಿಸಬೇಕು.

ಸ್ವಚ್ಛತಾ ಅಭಿಯಾನಕ್ಕೆ ಹೊರಡುವ ಮುನ್ನ, ತುಂಬಿದ ಚೀಲಗಳನ್ನು ಅದೇ ದಿನ ಸಾಗಿಸುವ ವಾಹನ ಯಾವುದು, ಅದು ಎಲ್ಲಿಗೆ ಹೋಗುತ್ತದೆ ಎಂಬುದು ಖಚಿತವಾಗಿರಬೇಕು. ರಸ್ತೆ ಬದಿಯಲ್ಲಿ ಬಿಟ್ಟ ಚೀಲ ಮರುದಿನ ಹರಿದು ಮತ್ತೆ ಹರಡುತ್ತದೆ. ದಪ್ಪ ಕೈಗವಸು ಮತ್ತು ಮುಚ್ಚಿದ ಪಾದರಕ್ಷೆ ಎಲ್ಲರಿಗೂ ಬೇಕು. ಸಿರಿಂಜ್ ಅಥವಾ ಸೂಜಿ ಕಂಡರೆ ಕೈಯಿಂದ ಮುಟ್ಟದೆ ಇಕ್ಕಳದಲ್ಲಿ ಎತ್ತಿ ಗಟ್ಟಿ ಗೋಡೆಯ ಡಬ್ಬಿಗೆ ಹಾಕಬೇಕು. ಹೆಕ್ಕಿದ ಕಸ ಯಾವ ಯಾವ ಬಗೆಯದು, ಎಷ್ಟೆಷ್ಟು ಎಂದು ಬರೆದುಕೊಳ್ಳುವುದನ್ನು ಮರೆಯಬಾರದು. 1986ರಲ್ಲಿ ಅಮೆರಿಕದ ಟೆಕ್ಸಸ್ ಕರಾವಳಿಯಲ್ಲಿ ಆರಂಭವಾಗಿ ಇಂದು ಹಲವು ದೇಶಗಳಿಗೆ ಹರಡಿರುವ ಕಡಲತೀರ ಸ್ವಚ್ಛತಾ ಅಭಿಯಾನದಲ್ಲಿ ಮೊದಲಿನಿಂದಲೂ ಈ ಪದ್ಧತಿಯಿದೆ. ಕಸ ಎಲ್ಲಿಂದ ಬರುತ್ತಿದೆ ಎಂದು ಆಡಳಿತಕ್ಕೆ ತೋರಿಸಲು ಈ ದಾಖಲೆಯಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲ.

ಹಣದ ವಿಷಯದಲ್ಲಿ ನಿಯಮಗಳು ಸರಳ: ಪ್ರತಿ ದೇಣಿಗೆಗೂ ರಸೀದಿ, ಪ್ರತಿ ಖರ್ಚಿಗೂ ಬಿಲ್, ಪ್ರತಿ ಪಾವತಿಗೂ ಇಬ್ಬರ ಸಹಿ, ಮತ್ತು ಯೋಜನೆ ಮುಗಿದ ತಿಂಗಳೊಳಗೆ ಸದಸ್ಯರ ಮುಂದೆ ಲೆಕ್ಕಪತ್ರ.

ಮಕ್ಕಳೊಡನೆ ಕೆಲಸ ಮಾಡುವ ಯೋಜನೆಗಳಲ್ಲಿ ಒಬ್ಬ ಸ್ವಯಂಸೇವಕ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರುವ ಸಂದರ್ಭವೇ ಬಾರದಂತೆ ವ್ಯವಸ್ಥೆ ಮಾಡಬೇಕು. ಇದು ಮಗುವಿಗೂ ಸ್ವಯಂಸೇವಕರಿಗೂ ರಕ್ಷಣೆ. ಛಾಯಾಚಿತ್ರದ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ನೆರವು ಪಡೆಯುವವರನ್ನು ಸಾಲಾಗಿ ನಿಲ್ಲಿಸಿ, ಕೈಗೆ ವಸ್ತು ಕೊಡುತ್ತಿರುವಂತೆ ಚಿತ್ರ ತೆಗೆಯುವುದನ್ನು ನಿಲ್ಲಿಸಬೇಕು. ದಾನಿಗಳಿಗೆ ಪುರಾವೆ ಬೇಕಿದ್ದರೆ ಕೆಲಸದ ಚಿತ್ರ, ಸಹಿ ಮಾಡಿದ ಪಟ್ಟಿ, ಲೆಕ್ಕಪತ್ರ ಸಾಕು. ಯಾರದಾದರೂ ಮುಖ ತೋರಿಸಬೇಕಾದಲ್ಲಿ, ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ನಿಜವಾಗಿ ಇರುವಾಗ ಒಪ್ಪಿಗೆ ಕೇಳಬೇಕು. ನೆರವಿನ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದರೆ ಬೇಡವೆನ್ನಲು ಯಾರಿಗೂ ಬಾಯಿ ಬಾರದು.

ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡಲು ಕ್ಲಬ್‌ಗಳು ಹಿಂಜರಿಯಬಾರದು. 1925ರಲ್ಲಿ ಹೆಲನ್ ಕೆಲರ್ ಅವರು ಲಯನ್ಸ್ ಕ್ಲಬ್‌ಗಳ ಸಮಾವೇಶದಲ್ಲಿ ಅಂಧರ ಪರವಾಗಿ ಕೆಲಸ ಮಾಡುವಂತೆ ಕೋರಿದರು. ದೃಷ್ಟಿರಕ್ಷಣೆ ಇಂದಿಗೂ ಆ ಕ್ಲಬ್‌ಗಳ ಮುಖ್ಯ ಸೇವೆಯಾಗಿದೆ. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಯೋಜನೆಯನ್ನು ಆರಂಭಿಸಿ, 1985ರಲ್ಲಿ ಅದನ್ನು ವಿಶ್ವವ್ಯಾಪಿ ಕಾರ್ಯಕ್ರಮವಾಗಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಜೊತೆಗೂಡಿ ಜಾಗತಿಕ ನಿರ್ಮೂಲನ ಪ್ರಯತ್ನ ಆರಂಭವಾದ ಬಳಿಕ ಪೋಲಿಯೊ ಪ್ರಕರಣಗಳು ಶೇಕಡಾ 99ಕ್ಕಿಂತ ಹೆಚ್ಚು ಕಡಿಮೆಯಾಗಿವೆ. ಪ್ರತಿ ವರ್ಷ ಹೊಸ ಅಧ್ಯಕ್ಷರು ಹೊಸ ಯೋಜನೆಯನ್ನೇ ಹುಡುಕಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಹೀಗೆ ಮುಂದುವರಿಯಬೇಕಾದರೆ ಹಸ್ತಾಂತರ ಚೆನ್ನಾಗಿ ನಡೆಯಬೇಕು. ಪ್ರತಿ ಯೋಜನೆಗೂ ಒಂದು ಕಡತವಿರಲಿ. ಅದರಲ್ಲಿ ಅನುಮತಿ ಪತ್ರಗಳು, ಸಂಪರ್ಕಿಸಬೇಕಾದವರ ವಿವರ, ಖರ್ಚಿನ ಲೆಕ್ಕ, ಎಡವಿದ ಸಂಗತಿಗಳು, ಇನ್ನೂ ಬಾಕಿ ಉಳಿದ ಕೆಲಸ ಇವೆಲ್ಲ ಇರಲಿ. ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಮುಂದಿನ ಸಂಚಾಲಕರನ್ನು ಆಯ್ಕೆ ಮಾಡಿ, ಹಳೆಯ ಸಂಚಾಲಕರು ಅವರನ್ನು ಶಾಲೆಗೋ ರಕ್ತನಿಧಿಗೋ ಸ್ವತಃ ಕರೆದೊಯ್ದು ಪರಿಚಯಿಸಬೇಕು. ಯಾವುದಾದರೂ ಯೋಜನೆಯನ್ನು ನಿಲ್ಲಿಸಲೇಬೇಕಾಗಿ ಬಂದಲ್ಲಿ, ಅದನ್ನು ನೆಚ್ಚಿಕೊಂಡಿರುವವರಿಗೆ ಕನಿಷ್ಠ ಮೂರು ತಿಂಗಳು ಮುಂಚಿತವಾಗಿ ಮುಖತಃ ತಿಳಿಸಿ, ಬೇರೆ ಏರ್ಪಾಡು ಮಾಡಿಕೊಳ್ಳಲು ನೆರವಾಗಬೇಕು.